ನೆಗ್ಗಿಲ್ಲದ ಕಿರೀಟ

"ಬಾಗಿಲು ಹಾಕ್ಕೊಂಡು ಬಾ. ಇಲ್ಲಾಂದ್ರೆ ಹೊರಗಿರೋರು ಟಿಕೆಟ್ ಇಲ್ಲದೇ ನೋಡ್ಬಿಡ್ತಾರೆ," ಎಂದರು ಅತ್ತಿಗೆ, ಕನ್ನಡಿಯಿಂದ ಕಣ್ಣು ತೆಗೆಯದೆ.

ಇನ್‌ಸ್ಪೆಕ್ಟರ್ ಭೂತಗನ್ನಡಿ ಬಾಗಿಲು ಹಾಕಿ ಅಲ್ಲೇ ನಿಂತಳು. ಮೇಕಪ್ ಕೋಣೆಯಲ್ಲಿ ಇನ್ನೊಂದು ಕುರ್ಚಿಯಿತ್ತು. ಅದರ ಮೇಲೆ ರಾಣಿಯ ಪಾತ್ರದ ರೇಷ್ಮೆ ಉಡುಪು ಮಡಚಿಟ್ಟಿತ್ತು. ಅದನ್ನು ಪಕ್ಕಕ್ಕಿಟ್ಟು ಕೂರುವ ಧೈರ್ಯ ಅವಳಿಗೆ ಬರಲಿಲ್ಲ. ಕಳೆದ ಶನಿವಾರದಿಂದ ಈಚೆಗೆ ಅತ್ತಿಗೆಯ ಯಾವ ವಸ್ತುವನ್ನು ಮುಟ್ಟಲೂ ಅವಳ ಕೈ ಹಿಂಜರಿಯುತ್ತಿತ್ತು.

ಆ ಶನಿವಾರ ಅವಳು ಮಾಡಿದ್ದು ರಾಜಧಾನಿಗೆಲ್ಲ ಗೊತ್ತು. ಮ್ಯೂಸಿಯಂನಿಂದ ಮಾಯವಾದ ಹಳೆಯ ನಾಟಕದ ಕಿರೀಟ ತನ್ನ ಗಂಡನ ಅಕ್ಕನ ತಲೆಯ ಮೇಲೇ ಇದೆ ಎಂದು ಲೆಕ್ಕ ಹಾಕಿ, ತುಂಬಿದ ರಂಗಮಂದಿರದಲ್ಲಿ, ನಾಟಕ ನಡೆಯುತ್ತಿರುವಾಗಲೇ ವೇದಿಕೆ ಹತ್ತಿ, ಕಿರೀಟಕ್ಕೆ ಕೈ ಹಾಕಿದ್ದಳು. ಕೈಗೆ ಬಂದದ್ದು ಬಣ್ಣ ಬಳಿದ ರಟ್ಟು. ಅದರ ಜೊತೆಗೆ ಕೂದಲೂ ಬಂತು.

ಕುಣಿಯುವಾಗ ಜಾರಬಾರದೆಂದು ನಾಟಕದವರು ಕಿರೀಟವನ್ನು ವಿಗ್ಗಿಗೇ ಹೊಲಿದುಬಿಡುತ್ತಾರೆ. ರಂಗದ ಹಿಂದೆ ಒಂದು ಸಂಜೆ ಕಳೆದವರಿಗೂ ಗೊತ್ತಿರುವ ಸಂಗತಿ ಅದು. ಮದುವೆಯಾಗಿ ನಾಟಕದವರ ಮನೆ ಸೇರಿ ಇಷ್ಟು ವರ್ಷವಾದರೂ ಭೂತಗನ್ನಡಿ ಆ ಒಂದು ಸಂಜೆಯನ್ನು ಕಳೆದಿರಲಿಲ್ಲ. ಯಾವಾಗ ನೋಡಿದರೂ ಡ್ಯೂಟಿ.

ವಿಗ್ಗಿನ ಕೆಳಗೆ, ಕಾಯಿಲೆಯ ಔಷಧಿಗೆ ಕೂದಲುದುರಿದ ಅತ್ತಿಗೆಯ ಬೋಳುತಲೆ ದೀಪದ ಬೆಳಕಿಗೆ ಮಿಂಚಿತು. ಜನ ಮೊದಲು ನಕ್ಕರು, ನಾಟಕದ್ದೇ ಭಾಗ ಎಂದುಕೊಂಡು. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎಂದು ಆ ಹೊತ್ತು ಅವಳಿಗೆ ಅನ್ನಿಸಿತ್ತು. ಭೂಮಿ ನುಂಗಲಿಲ್ಲ. ರಟ್ಟಿನ ಕಿರೀಟ ಹಿಡಿದುಕೊಂಡು ಅವಳೇ ಮೆಟ್ಟಿಲಿಳಿದು ಬರಬೇಕಾಯಿತು.

ಸಣ್ಣದನ್ನೂ ಬಿಡದೆ ನೋಡುವವಳು ಎಂದು ಮೆಚ್ಚಿ ಇಲಾಖೆಯವರು ಇಟ್ಟ ಹೆಸರು ಭೂತಗನ್ನಡಿ. ಈಗ ಠಾಣೆಯ ಕಾರಿಡಾರಿನಲ್ಲಿ ಯಾರಾದರೂ ಹಾಗೆ ಕರೆದರೆ, ಹಿಂದೆ ಯಾರೋ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ ಎಂದೇ ಅವಳಿಗೆ ಭಾಸವಾಗುತ್ತಿತ್ತು.

"ಅತ್ತಿಗೆ, ಕ್ಷಮಿಸಿ ಅನ್ನೋಕೆ ಬಂದೆ."

"ಅನ್ನು."

ಬರುವ ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಬಾಗಿಲ ಹೊರಗೇ ಉಳಿದುಬಿಟ್ಟಿದ್ದವು.

ಅತ್ತಿಗೆ ಹುಬ್ಬು ತೀಡುವುದನ್ನು ಮುಂದುವರಿಸಿದರು. ತಲೆಗೆ ಬಿಗಿಯಾದ ಬಟ್ಟೆಯ ಟೋಪಿ ಹಾಕಿಕೊಂಡಿದ್ದರು. ಅವರ ಮುಂದೆ, ಬಣ್ಣದ ಡಬ್ಬಿಗಳ ನಡುವೆ, ವಾರಪತ್ರಿಕೆಯ ಒಂದು ಪುಟ ಬಿದ್ದಿತ್ತು. ರಾಜಧಾನಿಯಲ್ಲಿ ಈ ವಾರ ನೋಡಬೇಕಾದವು ಎಂಬ ಪುಟ. ಹಳೆಯ ಗಡಿಯಾರಗಳ ಪ್ರದರ್ಶನ, ಸಮುದ್ರದ ನಕ್ಷೆಗಳ ಪ್ರದರ್ಶನ, ಒಂದು ಮೂಕನಾಟಕ, ಮಕ್ಕಳಿಗೊಂದು ಗೊಂಬೆಯಾಟ. ಎಲ್ಲದಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ: ಹಗಲು ಮ್ಯೂಸಿಯಂನಲ್ಲಿ ಕಿರೀಟವಿಲ್ಲದ ಗಾಜಿನ ಪೆಟ್ಟಿಗೆ, ಸಂಜೆ ರಂಗಮಂದಿರದಲ್ಲಿ ಕೂದಲಿಲ್ಲದ ರಾಣಿ, ಎರಡಕ್ಕೂ ಸೇರಿ ಒಂದೇ ಟಿಕೆಟ್.

"ಹೌಸ್‌ಫುಲ್ ಕಣೇ," ಎಂದರು ಅತ್ತಿಗೆ, ಅವಳ ಕಣ್ಣು ಎಲ್ಲಿದೆ ಎಂದು ಕನ್ನಡಿಯಲ್ಲೇ ನೋಡಿ. "ಇಷ್ಟು ವರ್ಷ ಗಂಟಲು ಹರ್ಕೊಂಡು ಪಾತ್ರ ಮಾಡ್ದೆ, ಅರ್ಧ ಹಾಲ್ ತುಂಬಿದ್ರೆ ಹೆಚ್ಚು. ಈಗ ನೋಡು, ಎಕ್ಸ್‌ಟ್ರಾ ಕುರ್ಚಿ ಹಾಕಿಸ್ತಿದ್ದಾರೆ. ನಿನಗೆ ಕಮಿಷನ್ ಕೊಡ್ಬೇಕು."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ತಮಾಷೆಗೆ ಭೂತಗನ್ನಡಿಯ ಕಿವಿಯವರೆಗೂ ಬಿಸಿಯಾಯಿತು.

"ಕಾಯಿಲೆ ವಿಷಯ ನಮಗೊಂದು ಮಾತು ಹೇಳ್ಬೇಕಿತ್ತು ನೀವು."

"ತಮ್ಮನಿಗೆ ಹೇಳಿದ್ದೆ. ಅವನು ನಿನಗೆ ಹೇಳಿರಲ್ಲ. ನಾನೇ ಬೇಡ ಅಂದಿದ್ದೆ."

ಗಂಡನಿಗೆ ಗೊತ್ತಿತ್ತು. ಒಂದೇ ಮನೆಯಲ್ಲಿ ಮಲಗಿ ಏಳುವ ಗಂಡನ ಮುಖದಲ್ಲಿ ಅಷ್ಟು ದೊಡ್ಡ ಸಂಕಟ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಶನಿವಾರದಿಂದ ಅವನು ಅವಳೊಂದಿಗೆ ಊಟಕ್ಕೆ ಬಡಿಸು, ಬಾಗಿಲು ಹಾಕು ಎಂಬಷ್ಟೇ ಮಾತಾಡಿದ್ದ. ಅಕ್ಕನ ಮಾನ ಕಳೆದದ್ದಕ್ಕೆ ಮುನಿಸು ಎಂದುಕೊಂಡು ಅವಳೂ ತಲೆ ತಗ್ಗಿಸಿ ಬಡಿಸಿದ್ದಳು.

ಆದರೆ ಬಂದ ಕೆಲಸ ಕ್ಷಮೆಯದೊಂದೇ ಅಲ್ಲ. ತಲೆಯ ಮೇಲಿದ್ದುದು ರಟ್ಟು ಎಂದಾದರೂ ಅತ್ತಿಗೆಯ ಮೇಲಿನ ಅನುಮಾನ ಹೋಗಿರಲಿಲ್ಲ. ಮ್ಯೂಸಿಯಂನ ಗಾಜಿನ ಪೆಟ್ಟಿಗೆ ತೆರೆದದ್ದು ಒಂದೇ ಬಾರಿ, ನಾಟಕದ ಪ್ರಚಾರಕ್ಕೆ ಅಸಲಿ ಕಿರೀಟವನ್ನು ರಾಣಿಯ ಪಾತ್ರಧಾರಿಗೆ ತೊಡಿಸಿ ಫೋಟೋ ತೆಗೆದ ದಿನ. ಅದಾದ ಮೇಲೆ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಹಿತ್ತಾಳೆಯ ನಕಲು. ನಾಳೆ ಬೆಳಿಗ್ಗೆ ಅತ್ತಿಗೆಯನ್ನು ಠಾಣೆಗೆ ಕರೆತರಬೇಕೆಂದು ಮೇಲಧಿಕಾರಿಗಳು ಹೇಳಿಯಾಗಿತ್ತು. ಅಷ್ಟರೊಳಗೆ ಅವರು ಕದ್ದಿಲ್ಲ ಎಂದು ತೋರಿಸಬೇಕು. ಕಿತ್ತ ಕೂದಲನ್ನಂತೂ ಮತ್ತೆ ಅಂಟಿಸಲಾಗದು, ಹೆಸರನ್ನಾದರೂ ಉಳಿಸಿಕೊಡಬೇಕು.

"ಫೋಟೋ ದಿನ ಕಿರೀಟ ನಿಮ್ಮ ತಲೆ ಮೇಲೆ ಇಟ್ಟಿದ್ದು ಯಾರು?"

"ಮ್ಯೂಸಿಯಂ ನೋಡ್ಕೊಳ್ಳೋ ಕ್ಯುರೇಟರ್. ಕೈಗೆ ಗ್ಲೌಸ್ ಹಾಕ್ಕೊಂಡು, ಹಸುಗೂಸು ಎತ್ತಿದ ಹಾಗೆ ಎತ್ತಿಟ್ರು."

"ತೆಗೆದಿದ್ದು?"

"ಅವರೇ. ನನ್ನ ಕೈಗೆ ಕೊಡ್ಲೇ ಇಲ್ಲ. ಫೋಟೋದಲ್ಲೂ ನೋಡು, ನನ್ನ ಕೈ ಮಡಿಲಲ್ಲೇ ಇದೆ."

"ಏನಾದ್ರೂ ವ್ಯತ್ಯಾಸ ಅನ್ನಿಸ್ತಾ? ಭಾರ ಆಗ್ಲಿ, ಅಳತೆ ಆಗ್ಲಿ?"

"ಏನಿಲ್ಲ. ಆರಾಮಾಗಿ ಕೂತ್ಕೊಳ್ತು. ಎಲ್ಲೂ ಒತ್ತಲಿಲ್ಲ."

ಹುಬ್ಬಿನ ಕಡ್ಡಿ ಅಲ್ಲೇ ನಿಂತಿತು. ಆಡಬಾರದ ಮಾತು ಬಾಯಿಂದ ಜಾರಿತು ಎಂದು ಅತ್ತಿಗೆಗೂ ತಿಳಿಯಿತು. ಭೂತಗನ್ನಡಿ ಒಂದು ಹೆಜ್ಜೆ ಮುಂದೆ ಬಂದಳು.

"ಒತ್ತಬೇಕಿತ್ತಾ ಅತ್ತಿಗೆ?"

ಅತ್ತಿಗೆ ಕಡ್ಡಿಯನ್ನು ಡಬ್ಬಿಯೊಳಗೆ ಇಟ್ಟರು.

ಉತ್ತರ ಅವಳ ಮನೆಯ ಗೋಡೆಯ ಮೇಲೇ ಇತ್ತು. ನಡುಮನೆಯಲ್ಲಿ ಮಾವನವರ ಫೋಟೋ ಇದೆ. ರಾಜನ ವೇಷ, ತಲೆಯ ಮೇಲೆ ಅದೇ ಕಿರೀಟ. ಒಮ್ಮೆ ವೇದಿಕೆಯ ಮೆಟ್ಟಿಲಿನಿಂದ ಕಿರೀಟ ಸಮೇತ ಉರುಳಿಬಿದ್ದು, ಎಡಗಡೆಯ ಅಂಚು ಒಳಕ್ಕೆ ನೆಗ್ಗಿತ್ತು. ರಿಪೇರಿ ಮಾಡಿಸಲು ಮಾವ ಒಪ್ಪಿರಲಿಲ್ಲ, ಬಿದ್ದವನಿಗೆ ಬಿದ್ದದ್ದು ನೆನಪಿರಲಿ ಎಂದು. ಆ ನೆಗ್ಗು ಒತ್ತಿ ಒತ್ತಿ ಅವರ ಎಡ ಹಣೆಯಲ್ಲಿ ಸಾಯುವವರೆಗೂ ಒಂದು ಕಪ್ಪು ಗುರುತು ಉಳಿದಿತ್ತು. ಕೊನೆಗಾಲದಲ್ಲಿ ಕಿರೀಟವನ್ನು ಮ್ಯೂಸಿಯಂಗೆ ಕೊಟ್ಟರು. ಅದು ಅಲ್ಲಿ ಉಗ್ರಾಣದಲ್ಲಿ ಬಿದ್ದಿದ್ದು, ಈ ವರ್ಷ ಹಳೆಯ ರಂಗದ ವೇಷಭೂಷಣ ಎಂಬ ಪ್ರದರ್ಶನಕ್ಕೆ ಹೊರಬಂದಿತ್ತು. ಕ್ಯುರೇಟರ್ ಹೊಸಬರು. ಹಳೆಯ ಫೋಟೋ ಪಕ್ಕದಲ್ಲಿಟ್ಟು ನೋಡಿದಾಗಲೇ ಅವರಿಗೆ ನೆಗ್ಗು ಕಾಣೆಯಾದದ್ದು ಗೊತ್ತಾಗಿ ಗುಲ್ಲೆದ್ದದ್ದು.

ಆದರೆ ಅತ್ತಿಗೆ ಹೊಸಬರಲ್ಲ. ಚಿಕ್ಕಂದಿನಲ್ಲಿ ತಮ್ಮನೂ ಅವರೂ ಸರದಿಯ ಮೇಲೆ ಆ ಕಿರೀಟ ತೊಟ್ಟು ಆಡಿದವರು.

"ನಿಮಗೆ ಅವತ್ತೇ ಗೊತ್ತಾಗಿದೆ," ಎಂದಳು ಭೂತಗನ್ನಡಿ ಮೆಲ್ಲಗೆ. "ತಲೆ ಮೇಲೆ ಇಟ್ಟ ತಕ್ಷಣ. ಇದು ಅಪ್ಪನ ಕಿರೀಟ ಅಲ್ಲ ಅಂತ. ಆಗ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ದೆ?"

"ಕದ್ದವರನ್ನ ಹಿಡೀತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

ಅತ್ತಿಗೆ ತಿರುಗಿ ಕುಳಿತರು. ಅರ್ಧ ಮುಖಕ್ಕೆ ಬಣ್ಣ, ಇನ್ನರ್ಧ ಬಿಳುಚಿದ ಚರ್ಮ. "ನನ್ನ ತಲೆ ಊರೆಲ್ಲ ನೋಡಿ ಆಯ್ತು. ಇನ್ನು ಕಳಕೊಳ್ಳೋಕೆ ಏನೂ ಉಳಿದಿಲ್ಲ. ಇದನ್ನ ಇಲ್ಲಿಗೇ ಬಿಟ್ಟುಬಿಡು. ನಾಳೆ ನನ್ನ ಕರ್ಕೊಂಡು ಹೋಗ್ಬೇಕಾ, ಕರ್ಕೊಂಡು ಹೋಗು."

"ಬಿಡಲ್ಲ. ಇವತ್ತು ಪರದೆ ಏಳೋ ಮುಂಚೆ ಅದೇ ವೇದಿಕೆ ಮೇಲೆ ನಿಂತು, ನೀವು ಕದ್ದಿಲ್ಲ ಅಂತ ಹೇಳ್ತೀನಿ. ಪುರಾವೆ ಸಮೇತ."

"ಬೇಡ. ಕ್ಷಮೆ ಕೇಳೋದಿದ್ರೆ ಇಲ್ಲೇ ಕೇಳು. ಕೇಳಿದೆ ಅಂದ್ಕೊಂಡೆ, ಮುಗೀತು."

"ಎಲ್ಲರ ಎದುರು ಮಾಡಿದ್ದು ಅತ್ತಿಗೆ. ಎಲ್ಲರ ಎದುರೇ ಕೇಳ್ಬೇಕು."

ಕ್ಷಮೆ ಕೇಳುವುದಕ್ಕೂ ಅವಳಿಗೆ ಸಭೆ ಬೇಕು. ಶನಿವಾರ ವೇದಿಕೆ ಹತ್ತಿಸಿದ್ದೂ ಇದೇ ಚಪಲ. ಸ್ವಂತ ನೆಂಟರನ್ನೂ ಬಿಡದ ನಿಷ್ಠುರ ಅಧಿಕಾರಿ ಎಂದು ಮರುದಿನದ ಪತ್ರಿಕೆಯಲ್ಲಿ ಬರಲಿ ಎಂಬ ಸಣ್ಣ ಆಸೆ ಅವಳಲ್ಲಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ತನಗೆ ತಾನೇ ಹೇಳಿಕೊಂಡು ಮೆಟ್ಟಿಲಿಳಿದಳು.

ಮ್ಯೂಸಿಯಂ ಇದ್ದದ್ದು ರಸ್ತೆಯ ಆಚೆಗೇ. ಮುಚ್ಚುವ ಹೊತ್ತಾಗುತ್ತಿದ್ದರೂ ಬಾಗಿಲಲ್ಲಿ ಸಾಲು ಕರಗಿರಲಿಲ್ಲ. ಗಡಿಯಾರಗಳ ಕೋಣೆ ಖಾಲಿ. ನಕ್ಷೆಗಳ ಕೋಣೆಯಲ್ಲಿ ಕಾವಲಿನವಳು ಕೂತಲ್ಲೇ ತೂಕಡಿಸುತ್ತಿದ್ದಳು. ಜನವೆಲ್ಲ ವೇಷಭೂಷಣದ ಕೋಣೆಯಲ್ಲಿ, ತಾತ್ಕಾಲಿಕವಾಗಿ ತೆಗೆಯಲಾಗಿದೆ ಎಂಬ ಚೀಟಿಯ ಮುಂದೆ, ಖಾಲಿ ಪೆಟ್ಟಿಗೆಯ ಫೋಟೋ ತೆಗೆದುಕೊಳ್ಳುತ್ತಿದ್ದರು. ಕಿರೀಟ ಇದ್ದಾಗ ಇಷ್ಟು ಮಂದಿ ಬಂದಿರಲಿಲ್ಲ.

ಯಾರೋ ಅವಳನ್ನು ಗುರುತು ಹಿಡಿದರು. "ಇವರೇ ಅಲ್ವಾ, ಕೂದಲು ಕಿತ್ತೋರು," ಎಂದು ಒಬ್ಬ ಹೆಂಗಸು ಪಕ್ಕದವಳಿಗೆ ಹೇಳಿದ್ದು ಕೇಳಿಸಿತು. ಭೂತಗನ್ನಡಿ ಕೇಳಿಸದವಳಂತೆ ನಡೆದಳು. ಬೆನ್ನಿಗೆ ಕಣ್ಣುಗಳು ಅಂಟಿಕೊಂಡೇ ಬಂದವು.

ಜನರನ್ನು ಹೊರಗೆ ಕಳುಹಿಸಿದ ಮೇಲೆ ಕ್ಯುರೇಟರ್ ಬೀರುವಿನಿಂದ ನಕಲಿ ಕಿರೀಟವನ್ನು ತಂದರು. ಮಾತಿಗೆ ಮೊದಲು ಕನ್ನಡಕ ಒರೆಸಿಕೊಳ್ಳುವ ಮನುಷ್ಯ.

"ಏನು ನೋಡ್ಬೇಕು ಮೇಡಂ? ನಿಮ್ಮ ಪ್ರಯೋಗಾಲಯದವರು ಎಲ್ಲ ನೋಡಿ ಆಯ್ತಲ್ಲ."

"ಪೆಟ್ಟಿಗೆಯೊಳಗೆ ಹೇಗೆ ಕೂತಿತ್ತೋ ಹಾಗೇ ಒಂದ್ಸಲ ಇಡಿ."

ಗಾಜಿನೊಳಗೆ ಕಿರೀಟದ ಸ್ಟ್ಯಾಂಡು ಹಾಗೇ ಇತ್ತು. ತೆಳ್ಳನೆಯ ಕಂಬ, ಮೇಲೆ ದಪ್ಪ ತಂತಿಯ ಬಳೆ, ಬಳೆಗೆ ಸುತ್ತಿದ ಬೂದುಬಣ್ಣದ ಮೆತ್ತನೆ ಬಟ್ಟೆ. ಮ್ಯೂಸಿಯಂಗೆ ಬರುವವರು ಸ್ಟ್ಯಾಂಡನ್ನು ನೋಡುವುದಿಲ್ಲ. ನೋಡಬಾರದು, ಅದೇ ಆ ಕೆಲಸದ ಹೆಚ್ಚುಗಾರಿಕೆ ಎಂದು ಮಾಡುವವನೇ ಅವಳಿಗೆ ಹೇಳಿದ್ದ.

ಕ್ಯುರೇಟರ್ ಕಿರೀಟವನ್ನು ಇಟ್ಟರು. ಕೊಡಕ್ಕೆ ಮುಚ್ಚಳ ಕೂತಂತೆ ಕೂತಿತು. ಅಲುಗಾಟವಿಲ್ಲ, ಸಂದಿಲ್ಲ.

ಭೂತಗನ್ನಡಿ ಬೆರಳಿನಿಂದ ಅದನ್ನು ಮೆಲ್ಲಗೆ ತಿರುಗಿಸಿದಳು. ತಿರುಗಿತು. ಪೂರ್ತಿ ಒಂದು ಸುತ್ತು, ಎಲ್ಲೂ ತಡೆಯದೆ.

ಅವಳು ಬೆರಳು ಹಿಂದಕ್ಕೆ ತೆಗೆದು ಬಗ್ಗಿ ಸ್ಟ್ಯಾಂಡಿನ ಬಳೆಯನ್ನು ನೋಡಿದಳು.

ನೆಗ್ಗಿದ ಕಿರೀಟಕ್ಕೆ ಮಾಡಿದ ಸ್ಟ್ಯಾಂಡಾಗಿದ್ದರೆ ಬಳೆಯ ಎಡಭಾಗವೂ ಒಳಕ್ಕೆ ಬಾಗಿರಬೇಕಿತ್ತು. ಒಂದೇ ದಿಕ್ಕಿಗೆ ಕೂರಬೇಕಿತ್ತು. ಈ ಗುಂಡು ನಕಲು ಅದರ ಮೇಲೆ ಓಲಾಡಬೇಕಿತ್ತು. ಆದರೆ ಬಳೆ ಗುಂಡಗಿತ್ತು. ಅಂದರೆ ಸ್ಟ್ಯಾಂಡು ಮಾಡುವಾಗಲೇ ಎದುರಿಗಿದ್ದುದು ಈ ನಕಲು. ಪ್ರದರ್ಶನ ತೆರೆಯುವ ಮೊದಲೇ, ಫೋಟೋಕ್ಕೂ ಬಹಳ ಮೊದಲೇ, ಅಸಲಿ ಹೋಗಿಯಾಗಿತ್ತು. ಅತ್ತಿಗೆ ಕದ್ದಿಲ್ಲ. ಕದಿಯಲು ಅಲ್ಲಿ ಅಸಲಿ ಕಿರೀಟವೇ ಇರಲಿಲ್ಲ.

ಪುರಾವೆ ಸಿಕ್ಕಿತು ಎಂಬ ಖುಷಿ ಒಂದು ಉಸಿರು ಎಳೆಯುವಷ್ಟು ಹೊತ್ತು ಉಳಿಯಿತು.

"ಅಚ್ಚುಕಟ್ಟಾದ ಕೆಲಸ," ಎಂದರು ಕ್ಯುರೇಟರ್, ಅವಳ ನೋಟ ಸ್ಟ್ಯಾಂಡಿನ ಮೇಲಿದ್ದುದನ್ನು ಕಂಡು. "ನಿಮ್ಮ ಮನೆಯವರದೇ ಅಲ್ವಾ. ಎಷ್ಟು ಹೇಳಿದ್ರೂ ಚಿತ್ರ ನೋಡಿ ತಂತಿ ಬಗ್ಗಿಸಲ್ಲ ಅವರು. ವಸ್ತು ಎದುರಿಗಿರ್ಲೇಬೇಕು. ಕೆಳಗಡೆ ಕೋಣೆಯಲ್ಲಿ ಬೆಳಿಗ್ಗೆ ಕೊಟ್ಟು, ಸಂಜೆ ವಾಪಸ್ ತಗೋತಿದ್ದೆ."

"ಬೆಳಿಗ್ಗೆ ಕೊಡೋವಾಗ ನೋಡಿದ್ರಾ?"

"ಡಬ್ಬ ನೋಡಿದ್ದೆ. ಒಳಗಿರೋದನ್ನ..." ಅವರು ಕನ್ನಡಕ ತೆಗೆದು ಒರೆಸಲು ಶುರುಮಾಡಿದರು. "ಉಗ್ರಾಣದಿಂದ ಬಂದ ಡಬ್ಬ. ಅದರಲ್ಲಿ ನೋಡೋಕೇನಿದೆ ಅಂತ... ಯಾಕೆ ಕೇಳ್ತೀರಿ?"

ಕಿರೀಟ ಗಂಡನ ಕೈಯಲ್ಲಿ ಬದಲಾಗಿರಬಹುದು. ಇಲ್ಲವೇ ಉಗ್ರಾಣದಲ್ಲೇ ಬದಲಾಗಿ, ಅವನ ಕೈಗೆ ಬಂದದ್ದೇ ನಕಲಾಗಿರಬಹುದು. ಎರಡರಲ್ಲಿ ಯಾವುದೇ ಆಗಿರಲಿ, ಒಂದು ಮಾತಿನಿಂದ ಮಾತ್ರ ತಪ್ಪಿಸಿಕೊಳ್ಳುವಂತಿರಲಿಲ್ಲ: ಅಪ್ಪನ ಕಿರೀಟ ತೊಟ್ಟು ಬೆಳೆದವನಿಗೆ ಆ ನೆಗ್ಗು ಇಲ್ಲದ್ದು ಗೊತ್ತಾಗದೇ ಇರುವುದಿಲ್ಲ. ಗೊತ್ತಾಗಿಯೂ ಅವನು ಗುಂಡಗೆ ತಂತಿ ಬಗ್ಗಿಸಿದ್ದ. ಶನಿವಾರ ಅಕ್ಕನ ತಲೆಗೆ ಹೆಂಡತಿ ಕೈ ಹಾಕಿದಾಗಲೂ ವೇದಿಕೆಯ ಪಕ್ಕದ ಪರದೆಯ ಬಳಿ ನಿಂತು ಸುಮ್ಮನೆ ನೋಡಿದ್ದ.

"ಆಮೇಲೆ ಹೇಳ್ತೀನಿ," ಎಂದಳು ಭೂತಗನ್ನಡಿ.

ಇಷ್ಟು ವರ್ಷದ ನೌಕರಿಯಲ್ಲಿ ಕಂಡದ್ದನ್ನು ಅವಳು ನುಂಗಿಕೊಂಡದ್ದು ಅದೇ ಮೊದಲು. ಕ್ಯುರೇಟರ್ ಮುಖ ನೋಡಲಾಗದೆ ಗಾಜನ್ನು ನೋಡಿದಳು. ಗಾಜಿನಲ್ಲಿ ಅವಳ ಮುಖವೇ ಕಂಡಿತು. ಕಳ್ಳಿಯ ಮುಖ, ಎಂದುಕೊಂಡಳು.

ರಂಗಮಂದಿರದಲ್ಲಿ ವೇದಿಕೆಯ ಪಕ್ಕದ ಪರದೆಯ ಹಿಂದೆ ಗಂಡ ಸ್ಟೂಲಿನ ಮೇಲೆ ಕೂತಿದ್ದ. ಮೊಣಕಾಲಿನ ಮೇಲೆ ವಿಗ್ಗು, ವಿಗ್ಗಿನ ಮೇಲೆ ರಟ್ಟಿನ ಕಿರೀಟ, ಕೈಯಲ್ಲಿ ಸೂಜಿ. ಶನಿವಾರದಿಂದ ಅದನ್ನು ಹೊಲಿದುಕೊಡುವ ಕೆಲಸ ಅವನೇ ವಹಿಸಿಕೊಂಡಿದ್ದ. ಯಾರೇ ಎಳೆದರೂ ಬರಬಾರದು ಎಂಬಂತೆ ಒತ್ತೊತ್ತಾಗಿ ಹೊಲಿಗೆ ಹಾಕುತ್ತಿದ್ದ.

"ರೀ."

ಅವನು ತಲೆಯೆತ್ತಲಿಲ್ಲ.

"ಕಿರೀಟಕ್ಕೆ ಸ್ಟ್ಯಾಂಡ್ ಮಾಡೋವಾಗ ನಿಮಗೇನೂ ಅನ್ನಿಸ್ಲಿಲ್ವಾ?"

ಸೂಜಿ ನಿಂತಿತು. ಪರದೆಯ ಆಚೆ ಜನ ಕುರ್ಚಿ ಹುಡುಕುವ ಸದ್ದು ಕೇಳುತ್ತಿತ್ತು.

"ಮ್ಯೂಸಿಯಂಗೆ ಹೋಗಿದ್ಯಾ?" ಎಂದು ಕೇಳಿದ.

"ಹೋಗಿದ್ದೆ. ತಿರುಗಿಸಿ ನೋಡ್ದೆ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೊದಲ ಗಂಟೆ ಹೊಡೆಯಿತು. "ಬೆಲ್ ಆಯ್ತು," ಎಂದ, ಅವಳಿಗೋ ತನಗೋ ತಿಳಿಯದ ಹಾಗೆ.

ಅವಳು ವೇದಿಕೆಗೆ ಹೋಗದೇ ಇರಬಹುದಿತ್ತು. ಹಿಂದಿನ ಬಾಗಿಲಿನಿಂದ ಇಳಿದು ಮನೆಗೆ ಹೋಗಬಹುದಿತ್ತು. ನಾಳೆ ಅತ್ತಿಗೆ ಠಾಣೆಗೆ ಹೋಗುತ್ತಾರೆ, ಮನೆ ಉಳಿಯುತ್ತದೆ. ಆ ಯೋಚನೆ ಬಂದದ್ದೇ ಅವಳಿಗೆ ಮತ್ತೊಂದು ನಾಚಿಕೆಯಾಯಿತು. ಅದರಿಂದ ತಪ್ಪಿಸಿಕೊಳ್ಳುವವಳಂತೆ ಪರದೆ ಸರಿಸಿ ಮುಂದಕ್ಕೆ ನಡೆದಳು.

ಬೆಳಕು ಕಣ್ಣಿಗೆ ಹೊಡೆಯಿತು. ಹೆಚ್ಚುವರಿ ಕುರ್ಚಿಗಳೂ ತುಂಬಿದ್ದವು. ಮೊದಲ ಸಾಲಿನಲ್ಲಿ ಮೇಲಧಿಕಾರಿಗಳು ಸಂಸಾರ ಸಮೇತ ಬಂದು ಕೂತಿದ್ದರು. ಅವಳನ್ನು ಕಂಡು ಹಾಲ್‌ನಲ್ಲಿ ಗುಸುಗುಸು ಎದ್ದಿತು.

"ಕಳೆದ ಶನಿವಾರ ಇದೇ ಜಾಗದಲ್ಲಿ ನಾನೊಂದು ತಪ್ಪು ಮಾಡಿದೆ," ಎಂದಳು. ದನಿ ಮೊದಲ ಸಾಲನ್ನೂ ದಾಟಲಿಲ್ಲ. "ಜೋರಾಗಿ," ಎಂದು ಯಾರೋ ಕೂಗಿದರು. ಅವಳು ಮತ್ತೆ ಹೇಳಿದಳು. ತಪ್ಪನ್ನು ಒಂದೇ ಸಲ ಹೇಳಿ ಮುಗಿಸುವ ಸೌಕರ್ಯವೂ ಸಿಗಲಿಲ್ಲ.

"ಕಲಾವಿದೆಯೊಬ್ಬರ ಮಾನ ಕಳೆದೆ. ಅವರು ನನ್ನ ಅತ್ತಿಗೆ. ಅವರು ಕದ್ದಿಲ್ಲ. ಕಿರೀಟ ಅವರ ತಲೆ ಮುಟ್ಟೋ ಮುಂಚೆಯೇ ಬದಲಾಗಿತ್ತು. ಅದಕ್ಕೆ ಪುರಾವೆ ಇದೆ. ಇವತ್ತು ನನ್ನ ಕಣ್ಣಾರೆ ನೋಡ್ದೆ. ನಿಮ್ಮೆಲ್ಲರ ಎದುರು ಅವರ ಕ್ಷಮೆ ಕೇಳ್ತೀನಿ."

ಚಪ್ಪಾಳೆ ಮೆಲ್ಲಗೆ ಶುರುವಾಗಿ ಜೋರಾಯಿತು. ಶನಿವಾರದಿಂದ ಎದೆಯ ಮೇಲಿದ್ದ ಕಲ್ಲು ತುಸು ಸರಿದಂತಾಯಿತು. ಇನ್ನು ಇಳಿದು ಹೋಗಬೇಕು ಎನ್ನುವಷ್ಟರಲ್ಲಿ ಬಾಲ್ಕನಿಯಿಂದ ಒಂದು ದನಿ ಬಂತು.

"ಹಾಗಾದ್ರೆ ಕದ್ದಿದ್ದು ಯಾರು ಮೇಡಂ?"

ತನಿಖೆ ನಡೆಯುತ್ತಿದೆ ಎಂದರೆ ಸಾಕಿತ್ತು. ದಿನಕ್ಕೆ ಹತ್ತು ಸಲ ಪತ್ರಿಕೆಯವರಿಗೆ ಹೇಳುವ ಮಾತು. ಆದರೆ ಅವಳ ಕಣ್ಣು ಅವಳನ್ನು ಕೇಳದೆ ಪಕ್ಕದ ಪರದೆಯ ಕಡೆ ಹೊರಳಿತು. ಗಂಡ ಸ್ಟೂಲಿನಿಂದ ಎದ್ದು ನಿಂತಿದ್ದ. ಸೂಜಿ ಕೈಯಲ್ಲೇ ಇತ್ತು.

ಆಗ ಅವನ ಪಕ್ಕದಿಂದಲೇ ಅತ್ತಿಗೆ ಹೊರಬಂದರು.

ರಾಣಿಯ ರೇಷ್ಮೆ, ಕೈತುಂಬ ಬಳೆ, ಪೂರ್ತಿ ಬಣ್ಣ ಹಚ್ಚಿದ ಮುಖ. ತಲೆಯ ಮೇಲೆ ವಿಗ್ಗಿಲ್ಲ, ಕಿರೀಟವಿಲ್ಲ, ಬಟ್ಟೆಯ ಟೋಪಿಯೂ ಇಲ್ಲ. ಬೋಳುತಲೆಯನ್ನು ನೆಟ್ಟಗೆ ಎತ್ತಿಕೊಂಡು ವೇದಿಕೆಯ ನಡುವಿಗೆ ಬಂದು ನಿಂತರು. ಈ ಸಲ ಯಾರೂ ನಗಲಿಲ್ಲ.

"ನಮ್ಮ ಇನ್‌ಸ್ಪೆಕ್ಟರ್ ಒಳ್ಳೆಯವರು," ಎಂದರು. ಕೊನೆಯ ಸಾಲಿನವರಿಗೂ ಕೇಳುವ, ತಂದೆಯಿಂದ ಕಲಿತ ದನಿ. "ನನ್ನ ಮೇಲಿನ ಕನಿಕರಕ್ಕೆ ಸುಳ್ಳು ಹೇಳ್ತಿದ್ದಾರೆ. ಅವರು ಶನಿವಾರ ಮಾಡಿದ್ದೇ ಸರಿ. ಅಪ್ಪನ ಕಿರೀಟ ತೆಗೆದಿದ್ದು ನಾನೇ."

ಭೂತಗನ್ನಡಿ ಅವರ ಹತ್ತಿರ ಬಂದು, "ಅತ್ತಿಗೆ, ಬೇಡ," ಎಂದಳು. ಅವಳ ಪಿಸುಮಾತು ಅತ್ತಿಗೆಯೊಬ್ಬರಿಗೇ ಕೇಳಿಸಿತು.

"ನಿನಗೂ ಬೇಕಾದೋನು ಕಣೇ ಅವನು," ಎಂದು ತುಟಿ ಅಲುಗಿಸದೆ ಹೇಳಿ, ಅತ್ತಿಗೆ ಎರಡೂ ಕೈಗಳನ್ನು ಅವಳ ಮುಂದೆ ಚಾಚಿದರು.

ಮೊದಲ ಸಾಲಿನಲ್ಲಿ ಮೇಲಧಿಕಾರಿಗಳು ಎದ್ದು ನಿಂತರು. "ಇನ್ನೇನು ನೋಡ್ತಿದ್ದೀರಿ ಇನ್‌ಸ್ಪೆಕ್ಟರ್? ಒಪ್ಕೊಂಡಿದ್ದಾರೆ. ಹಿಡ್ಕೊಳ್ಳಿ."

ಎಲ್ಲರ ಎದುರು ಇದು ಸುಳ್ಳು ಎನ್ನಬೇಕು. ಎಂದರೆ ನಿಜ ಯಾವುದೆಂದು ಹೇಳಬೇಕು. ಭೂತಗನ್ನಡಿ ಮತ್ತೊಮ್ಮೆ ಪಕ್ಕದ ಪರದೆಯ ಕಡೆ ನೋಡಿದಳು, ಅವನಾದರೂ ಎರಡು ಹೆಜ್ಜೆ ಮುಂದೆ ಬಂದಾನೇನೋ ಎಂದು.

ಗಂಡ ಮತ್ತೆ ಸ್ಟೂಲಿನ ಮೇಲೆ ಕೂತಿದ್ದ. ತಲೆ ತಗ್ಗಿಸಿ, ದಾರದ ತುದಿಗೆ ಗಂಟು ಹಾಕುತ್ತಿದ್ದ.